ಮಂಡಿಯೂರದ ಪೂಜೆ

೯ ಜನವರಿ ೧೯೯೪

ತಮ್ಮಾ,

ಊರಿಗೆಲ್ಲ ನೀನು ಫಾದರ್. ನೀನು ಬಲಿಪೀಠದ ಮುಂದೆ ನಿಂತರೆ ನಾನೂ ತಲೆಬಾಗುತ್ತೇನೆ. ಆದರೆ ಕಾಗದದ ಮೇಲೆ ನೀನು ನಾನು ಎತ್ತಿ ಆಡಿಸಿದ ತಮ್ಮನೇ. ಹಾಗಾಗಿ ಬೈಗುಳದಿಂದಲೇ ಶುರು ಮಾಡುತ್ತೇನೆ.

ಒಗೆಯಲು ಕಳಿಸಿದ ಪೀಠದ ಬಟ್ಟೆಗಳ ಗಂಟು ತಲುಪಿತು. ಪಾನಪಾತ್ರೆಯ ಕೆಳಗೆ ಹಾಸುವ ಚೌಕದ ಬಟ್ಟೆಗಳಲ್ಲಿ ಮೂರಕ್ಕೆ ದ್ರಾಕ್ಷಾರಸದ ಕಲೆ. ಒಂದರಲ್ಲಂತೂ ಅಂಗೈಯಗಲ. ಏನಪ್ಪಾ ಇದು? ಮೊದಲ ನೀರನ್ನು ಚರಂಡಿಗೆ ಬಿಡದೆ ಹಿತ್ತಿಲ ಗಿಡದ ಬುಡಕ್ಕೆ ಸುರಿದೆ. ಪ್ರಭುವಿನ ರಕ್ತ ಸೋಕಿದ ಬಟ್ಟೆಯ ನೀರು ಮಣ್ಣಿಗೇ ಹೋಗಬೇಕು. ಗುರುಮಠದಲ್ಲಿ ಇದನ್ನೆಲ್ಲ ಕಲಿತವನು ನೀನು, ನೆನಪಿಟ್ಟುಕೊಂಡವಳು ನಾನು.

ಇಲ್ಲಿಯ ಹೊಸ ಗುರುಗಳು ವಾರದ ದಿನದ ಪೂಜೆಯನ್ನು ಹತ್ತೊಂಬತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಪೂಜಾಗ್ರಂಥದಲ್ಲಿ ಕೆಂಪಕ್ಷರದಲ್ಲಿ ಅಚ್ಚಾದ ಸೂಚನೆಗಳು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕೈ ತೊಳೆಯುವಾಗ ಹೇಳಬೇಕಾದ ಪ್ರಾರ್ಥನೆಯನ್ನು ನುಂಗಿಬಿಡುತ್ತಾರೆ. ಪೂಜಾವಸ್ತ್ರಗಳ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ, ಬಾಯಿ ಸುಮ್ಮನಿರುತ್ತದೆಯೇ? ಹೇಳಿದೆ. ಅಂದಿನಿಂದ ಅವರು ನನಗೆ ಸೂಜಿಯಕ್ಕ ಎಂದು ಹೆಸರಿಟ್ಟಿದ್ದಾರೆ. ಹೊಲಿಯುತ್ತೇನೆ ಎಂದಲ್ಲ, ಚುಚ್ಚುತ್ತೇನೆ ಎಂದು.

ಬೇರೆಯವರು ಹೇಗಾದರೂ ಮಾಡಿಕೊಳ್ಳಲಿ. ನನ್ನ ತಮ್ಮ ಮಾಡುವ ಪೂಜೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿರುತ್ತದೆ ಎಂಬುದೊಂದೇ ನನ್ನ ಜಂಬ. ಅದಕ್ಕೆ ಕಲೆ ತರಬೇಡ.

ಇನ್ನೊಂದು ಮಾತು. ನಿನ್ನ ಅಕ್ಷರ ಯಾಕೆ ಇಷ್ಟು ಸಣ್ಣದಾಗಿದೆ? ಸಾಲು ಮುಗಿಯುವ ಹೊತ್ತಿಗೆ ಇರುವೆ ಹರಿದ ಹಾಗೆ ಕಾಣುತ್ತದೆ. ಕಾಗದ ಉಳಿಸುತ್ತಿದ್ದೀಯಾ?

ನಿನ್ನ ಅಕ್ಕ


೨೮ ಜನವರಿ ೧೯೯೪

ಸೂಜಿಯಕ್ಕನಿಗೆ, ಚುಚ್ಚಿಸಿಕೊಂಡ ತಮ್ಮನ ನಮಸ್ಕಾರ.

ಬಟ್ಟೆಗಳು ಬಂದವು. ಇಲ್ಲಿಯ ಹೆಂಗಸರು ಮುಟ್ಟಲು ಹೆದರುವಷ್ಟು ಬೆಳ್ಳಗಿವೆ. ಕಲೆಯ ಕಥೆ ಇಷ್ಟೇ: ಗುಡಿಯಿಂದ ಕಲ್ಲುಗಣಿಗೆ ಕೂಗಳತೆ ದೂರ. ಮದ್ದು ಸಿಡಿದರೆ ಕಿಟಕಿ, ಬೆಂಚು, ಬಲಿಪೀಠ ಎಲ್ಲ ಅದುರುತ್ತವೆ. ಪಾತ್ರೆ ತುಳುಕುತ್ತದೆ. ಬಂಡೆಗೆ ಪೂಜಾವಿಧಿ ಯಾರು ಕಲಿಸಬೇಕು?

ನಿನ್ನ ಹಾಗೆಯೇ ಇಲ್ಲೊಬ್ಬರಿದ್ದಾರೆ, ಗಣಿ ಕಂಪನಿಯ ಶಾಲೆಯ ಮೇಷ್ಟ್ರು. ಪೂಜೆ ಮುಗಿದ ಮೇಲೆ ಕೋಣೆಗೆ ಬಂದು, "ಫಾದರ್, ಇವತ್ತು ಮೂರು ಸಲ ಮಂಡಿ ಊರ್ಬೇಕಿತ್ತು, ನೀವು ಒಂದು ಸಲಾನೂ ಊರ್ಲಿಲ್ಲ" ಎಂದು ಲೆಕ್ಕ ಒಪ್ಪಿಸುತ್ತಾರೆ. ಮಂಡಿ ನೋವು ಎಂದೆ. "ನನಗೂ ನೋವಿದೆ, ಊರ್ತೀನಲ್ಲ" ಎಂದರು. ನೀವಿಬ್ಬರೂ ಒಂದೇ ಊರಿನಲ್ಲಿ ಇರದೆ ಹೋದದ್ದು ನನ್ನ ಪುಣ್ಯ.

ಆದರೂ ಈ ಜಾಗ ನನಗೆ ಹಿಡಿಸಿದೆ ಅಕ್ಕ. ನಾನು ಬರುವ ಮೊದಲು ನಾಲ್ಕು ವರ್ಷ ಗುಡಿಗೆ ಬೀಗ ಬಿದ್ದಿತ್ತು. ಆ ನಾಲ್ಕು ವರ್ಷದಲ್ಲಿ ಇಬ್ಬರು ಬಂಡೆಯ ಕೆಳಗೆ ಸಿಕ್ಕಿ ಸತ್ತರು, ಕೊನೆಯ ಪ್ರಾರ್ಥನೆ ಹೇಳಲು ಗುರು ಇರಲಿಲ್ಲ. ಈಗ ಬೆಳಗ್ಗೆ ಆರಕ್ಕೆ ಧೂಳು ಮೆತ್ತಿದ ಬೂಟುಗಳನ್ನು ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಬೂಟು ಬಿಡಿ ಎಂದು ನಾನು ಹೇಳಿದ್ದಲ್ಲ.

ಅಕ್ಷರ ಸಣ್ಣದಾಗಿದ್ದಕ್ಕೆ ಪೆನ್ನು ಕಾರಣ. ಆರೋಗ್ಯ ಚೆನ್ನಾಗಿದೆ.

ತಮ್ಮ


೨೦ ಮಾರ್ಚ್ ೧೯೯೪

ತಮ್ಮಾ,

ಎರಡನೆಯ ಗಂಟು ಬಂದು ಎಂಟು ದಿನವಾಯಿತು. ಬಟ್ಟೆ ಒಗೆದೆ, ಇಸ್ತ್ರಿ ಹಾಕಿದೆ, ಆದರೆ ಕಾಗದ ಬರೆಯಲು ಕೈ ಬರಲಿಲ್ಲ. ಏಳು ಬಟ್ಟೆಗಳಲ್ಲಿ ಆರಕ್ಕೆ ಕಲೆ.

ನಮ್ಮ ಗಾಯನ ತಂಡದ ಹೆಂಗಸಿನ ಅಳಿಯ ಔಷಧಿ ಮಾರುತ್ತಾ ನಿಮ್ಮ ಕಡೆ ಬಂದಿದ್ದ. ಭಾನುವಾರ ನಿನ್ನ ಪೂಜೆಗೂ ಬಂದಿದ್ದನಂತೆ. ಕೇಳಿದೆ. ತಲೆ ತಗ್ಗಿಸಿದ. ಬಿಡದೆ ಕೇಳಿದೆ.

"ಹೇಳ್ಬಾರ್ದು ಅಕ್ಕಾ. ಫಾದರ್ ಪೀಠಾನ ಹಿಡ್ಕೊಂಡೇ ನಿಂತಿದ್ರು. ಮಾತು ತೊದಲ್ತಿತ್ತು. ಪರಮಪ್ರಸಾದ ಎತ್ತಿ ಹಿಡಿದ ಮೇಲೆ ಮಂಡೀನೂ ಊರ್ಲಿಲ್ಲ, ತಲೇನೂ ಬಗ್ಗಿಸ್ಲಿಲ್ಲ. ಗೋಡೆ ಥರ ನಿಂತ್ಕೊಂಡ್ರು. ಜನಕ್ಕೆ ಹಂಚೋವಾಗ ಎರಡು ಸಲ ಕೆಳಗೆ ಬಿತ್ತು."

ಮದ್ದು ಸಿಡಿಯುವುದು ಯಾವಾಗ ಎಂದೂ ಕೇಳಿದೆ. ಹನ್ನೊಂದು ಗಂಟೆಗೆ, ನಾಲ್ಕು ಗಂಟೆಗೆ, ಭಾನುವಾರ ಇಲ್ಲವೇ ಇಲ್ಲ ಎಂದ. ನಿನ್ನ ಪೂಜೆ ಬೆಳಗ್ಗೆ ಆರಕ್ಕೆ. ನನಗೆ ಸುಳ್ಳು ಬರೆದೆಯಾ?

ಅಪ್ಪನ ಕೈ ನಿನಗೆ ನೆನಪಿರಲಿಕ್ಕಿಲ್ಲ, ಆಗ ನೀನು ಐದು ವರ್ಷದವನು. ನನಗೆ ನೆನಪಿದೆ. ಬೆಳಗ್ಗೆ ಲೋಟ ಎತ್ತಿದರೆ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಮೊದಲು ಸಂಜೆಗೆ ಮಾತ್ರ ಕುಡಿಯುತ್ತಿದ್ದ, ಆಮೇಲೆ ಹೊತ್ತು ಗೊತ್ತು ಇರಲಿಲ್ಲ. ನಮ್ಮನ್ನು ಬೀದಿಗೆ ಹಾಕಿ ಹೋದ. ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆ ಮನೆಗೆ ಹೊಲಿಗೆ ಕೆಲಸಕ್ಕೆ ಹೋದವಳು ನಾನು.

ಒಂದೇ ಪ್ರಶ್ನೆ. ಕುಡಿಯುತ್ತಿದ್ದೀಯಾ?

ಅಕ್ಕ


೧೨ ಏಪ್ರಿಲ್ ೧೯೯೪

ಅಕ್ಕಾ,

ಇಲ್ಲ. ಪೂಜೆಯಲ್ಲಿ ಬಾಯಿಗೆ ತಾಕುವಷ್ಟು ಬಿಟ್ಟರೆ ಒಂದು ತೊಟ್ಟೂ ಇಲ್ಲ. ಮದ್ದಿನ ವಿಷಯದಲ್ಲಿ ಸುಳ್ಳು ಹೇಳಿದ್ದು ನಿಜ, ತಪ್ಪಾಯಿತು. ಯಾಕೆ ಎಂದು ಕೇಳಬೇಡ. ಪೂಜೆಯ ಒಂದು ಮಾತನ್ನೂ ನಾನು ಬಿಟ್ಟಿಲ್ಲ, ಅಷ್ಟು ನಂಬು.

ಅಪ್ಪನ ಹೆಸರು ಮತ್ತೆ ಎತ್ತಬೇಡ.

ಇನ್ನು ಮುಂದೆ ಬಟ್ಟೆ ಕಳಿಸುವುದಿಲ್ಲ. ಇಲ್ಲೊಬ್ಬ ಅಜ್ಜಿ ಒಗೆದು ಕೊಡುತ್ತಾಳೆ. ನಿನ್ನಷ್ಟು ಬೆಳ್ಳಗಾಗುವುದಿಲ್ಲ, ಆದರೆ ಕಲೆಗೆ ಕಾರಣ ಕೇಳುವುದಿಲ್ಲ.

ತಮ್ಮ


೧೯ ಜೂನ್ ೧೯೯೪

ತಮ್ಮಾ,

ಎರಡು ತಿಂಗಳಾಯಿತು. ನಿನ್ನಿಂದಲೂ ಕಾಗದವಿಲ್ಲ, ನನ್ನಿಂದಲೂ ಇಲ್ಲ. ಇಷ್ಟು ದಿನ ನಾವು ಯಾವತ್ತೂ ಮಾತು ಬಿಟ್ಟಿರಲಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಗುಡಿಗೆ ಸುಣ್ಣ ಬಳಿಸಿದ್ದಾರೆ. ನನ್ನ ಕನ್ನಡಕ ಬದಲಾಯಿಸಿದೆ. ಹೊಸ ಗುರುಗಳು ಇಪ್ಪತ್ತೆರಡು ನಿಮಿಷಕ್ಕೆ ಬಂದಿದ್ದಾರೆ, ಅಷ್ಟಾದರೂ ಸುಧಾರಿಸಿದರು.

ನೀನು ಬರೆದದ್ದನ್ನು ನಂಬಬೇಕೆಂದು ದಿನವೂ ಪ್ರಾರ್ಥಿಸಿದೆ. ಅಪ್ಪನೂ ಅಮ್ಮನ ತಲೆ ಮುಟ್ಟಿ ಹೀಗೇ ಹೇಳುತ್ತಿದ್ದ. ಹೆಸರು ಎತ್ತಬೇಡ ಎಂದು ನೀನು ಬರೆದಿದ್ದೆ, ನಾನು ಮತ್ತೆ ಎತ್ತಿದೆ, ಕ್ಷಮಿಸು. ಮುಳುಗುವವನನ್ನು ಜುಟ್ಟು ಹಿಡಿದಾದರೂ ಮೇಲೆ ಎಳೆಯಬೇಕಾಗುತ್ತದೆ, ಅವನಿಗೆ ನೋವಾಗುತ್ತದೆ ಎಂದು ಬಿಡಲಾಗುವುದಿಲ್ಲ. ಅಕ್ಕನಾದವಳು ಮಾಡಬೇಕಾದದ್ದನ್ನು ಮಾಡಿದ್ದೇನೆ. ಇಷ್ಟೇ ಹೇಳಬಲ್ಲೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


೨ ಸೆಪ್ಟೆಂಬರ್ ೧೯೯೪

ಅಕ್ಕಾ,

ಇದನ್ನು ಕೂತು ಓದು.

ಬಿಷಪ್ಪರ ಕಚೇರಿಯಿಂದ ಒಬ್ಬ ಹಿರಿಯ ಗುರುಗಳು ಹೇಳದೆ ಕೇಳದೆ ಬಂದರು. ಭಾನುವಾರದ ಪೂಜೆಯನ್ನು ಕೊನೆಯ ಬೆಂಚಿನಲ್ಲಿ ಕೂತು ನೋಡಿ, ಆಮೇಲೆ ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದರು. "ಫಾದರ್, ನೀವು ಕುಡೀತೀರಾ?" ಎಂದರು. ಯಾರೋ ಹೆಸರು ಹಾಕದೆ ದೂರು ಬರೆದಿದ್ದರಂತೆ. ನಾನು ಮೇಜಿನ ಖಾನೆ ಎಳೆದು ಡಾಕ್ಟರ ಚೀಟಿಗಳನ್ನು ಅವರ ಮುಂದಿಟ್ಟೆ. ಎರಡು ವರ್ಷದ ಚೀಟಿಗಳು. ಪಾರ್ಕಿನ್ಸನ್ ಎಂಬ ಕಾಯಿಲೆ. ಕೈ ನಡುಗುತ್ತದೆ, ಕಾಲು ಮಾತು ಕೇಳುವುದಿಲ್ಲ, ನಾಲಿಗೆ ದಪ್ಪವಾಗುತ್ತದೆ, ಅಕ್ಷರ ಕುಗ್ಗುತ್ತದೆ. ಮಂಡಿಯೂರಿದರೆ ಮೇಲೇಳಲು ಆಗುತ್ತಿರಲಿಲ್ಲ. ತಲೆ ಬಗ್ಗಿಸಿದರೆ ಮುಂದಕ್ಕೆ ಬೀಳುತ್ತಿದ್ದೆ. ಅದಕ್ಕೆ ಗೋಡೆಯ ಹಾಗೆ ನಿಲ್ಲುತ್ತಿದ್ದೆ.

ಅವರು ಚೀಟಿಗಳನ್ನು ಒಂದೊಂದಾಗಿ ಓದಿ ಮಡಿಸಿಟ್ಟರು. "ಕೂತ್ಕೊಂಡು ಪೂಜೆ ಮಾಡೋಕೂ ಅನುಮತಿ ಸಿಗತ್ತಲ್ಲ ಫಾದರ್. ಕಾಯಿಲೆಯವರನ್ನ ವಿಧಿ ಯಾವತ್ತೂ ಹಿಂಸೆ ಮಾಡಲ್ಲ. ಒಂದು ಮಾತು ಕೇಳ್ಬಾರ್ದಿತ್ತಾ?" ಎಂದರು. ಕೇಳಿದ್ದರೆ ಕಾಯಿಲೆಯ ಸುದ್ದಿ ಮೇಲಕ್ಕೆ ಹೋಗುತ್ತಿತ್ತು. ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಈ ಗಣಿಗೆ ಕಳಿಸಲು ಅವರ ಬಳಿ ಇನ್ನೊಬ್ಬ ಗುರು ಇಲ್ಲ. ಗುಡಿಗೆ ಮತ್ತೆ ಬೀಗ. ಆದಷ್ಟು ದಿನ ತಳ್ಳೋಣ ಎಂದುಕೊಂಡಿದ್ದೆ. ನಿನಗೂ ಹೇಳಲಿಲ್ಲ, ಹೇಳಿದ್ದರೆ ನೀನು ಅಲ್ಲಿಯ ಕೆಲಸ ಬಿಟ್ಟು ಇಲ್ಲಿಗೆ ಓಡಿ ಬರುತ್ತಿದ್ದೆ.

ಹದಿನೈದನೇ ತಾರೀಖು ನನ್ನನ್ನು ವಯಸ್ಸಾದ ಗುರುಗಳ ಆಶ್ರಮಕ್ಕೆ ಸೇರಿಸುತ್ತಾರೆ. ಇಲ್ಲಿ ಇನ್ನು ತಿಂಗಳಿಗೊಂದು ಪೂಜೆ.

ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಪಾನಪಾತ್ರೆ ನನ್ನ ಕೈಯಿಂದ ಜಾರಿ ಅಷ್ಟೂ ಮೆಟ್ಟಿಲ ಮೇಲೆ ಚೆಲ್ಲಿತು. ಮೇಷ್ಟ್ರು ಬೆಂಚಿನಿಂದ ಎದ್ದು ಬಂದರು. ಎಲ್ಲರ ಮುಂದೆ ಬೈಯುತ್ತಾರೆ ಎಂದುಕೊಂಡೆ. ಅವರು ನೆಲಕ್ಕೆ ಮಂಡಿಯೂರಿ, ನೀರು ಹಾಕಿ ಹಾಕಿ ಮೂರು ಸಲ ಒರೆಸಿ, ಆ ನೀರನ್ನು ಹೊರಗೆ ಮಣ್ಣಿಗೆ ಸುರಿದು ಬಂದರು. ನನ್ನ ಕೈಯನ್ನು ನೋಡಿದರು, ಅರ್ಥ ಮಾಡಿಕೊಂಡರು. ಯಾರಿಗೂ ಹೇಳಬೇಡಿ ಎಂದು ಬೇಡಿದೆ. ಅಂದಿನಿಂದ ಪ್ರತಿ ಪೂಜೆಯಲ್ಲೂ ಪೀಠದ ಪಕ್ಕ ನಿಂತು, ಪಾತ್ರೆ ಎತ್ತುವಾಗ ನನ್ನ ಮೊಣಕೈಗೆ ಕೈ ಕೊಟ್ಟರು. ಕೇಳಿದವರಿಗೆ, "ಫಾದರ್ ವಿಧಿ ತಪ್ತಾರೆ, ಹತ್ತಿರ ನಿಂತು ನೋಡ್ಬೇಕು" ಎನ್ನುತ್ತಿದ್ದರು. ಈಗ ದೂರು ಬರೆದದ್ದು ಅವರೇ ಎಂದು ಜನ ತೀರ್ಮಾನಿಸಿಬಿಟ್ಟಿದ್ದಾರೆ.

ಯಾರು ಬರೆದಿದ್ದರೂ ಅವರ ಮೇಲೆ ನನಗೆ ಸಿಟ್ಟಿಲ್ಲ.

ತಮ್ಮ


೧೦ ಸೆಪ್ಟೆಂಬರ್ ೧೯೯೪

ನನ್ನ ಕಂದಾ,

ಏನು ಬರೆಯಲಿ? ಔಷಧಿ ಮಾರುವವನ ಕಣ್ಣಿಗೂ ಕಾಯಿಲೆ ಕಾಣಲಿಲ್ಲ, ನನ್ನ ಕಣ್ಣಿಗೂ ಕಾಣಲಿಲ್ಲ. ನಿನ್ನ ಅಕ್ಷರ ಕುಗ್ಗುವುದನ್ನು ನೋಡಿ ಕಾಗದ ಉಳಿಸುತ್ತಿದ್ದೀಯಾ ಎಂದು ಕೇಳಿದ್ದೆನಲ್ಲ.

ಏನು ಔಷಧಿ ಕೊಡುತ್ತಿದ್ದಾರೆ? ಅಂಗಿಯ ಗುಂಡಿ ಯಾರು ಹಾಕುತ್ತಾರೆ? ಗುಂಡಿಯಿಲ್ಲದ ನಾಲ್ಕು ಅಂಗಿ ಹೊಲಿದು ಕಳಿಸುತ್ತೇನೆ, ತಲೆಯ ಮೇಲಿಂದ ಹಾಕಿಕೊಂಡರೆ ಸಾಕು. ನಿನ್ನ ಎದೆಯ ಅಳತೆ ಬರೆದು ಕಳಿಸು.

ಮೇಷ್ಟ್ರು ಬರೆದಿರಲಿಕ್ಕಿಲ್ಲ. ಹಾಗೆ ಕೈ ಕೊಟ್ಟವರು ಬರೆಯುವುದಿಲ್ಲ. ಜನಕ್ಕೆ ನೀನೇ ಒಂದು ಮಾತು ಹೇಳಬಾರದೇ?

ಅಕ್ಕ


೧೪ ನವೆಂಬರ್ ೧೯೯೪

ಅಕ್ಕಾ,

ಈ ಅಕ್ಷರ ಇಲ್ಲಿ ನಮ್ಮನ್ನು ನೋಡಿಕೊಳ್ಳುವ ಸಿಸ್ಟರ್ ಅವರದು. ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ. ತೀರಾ ಕೆಟ್ಟ ಮಾತು ಬಂದರೆ ಬಿಟ್ಟುಬಿಡುತ್ತಾರಂತೆ.

ಅಂಗಿಗಳು ಸರಿಯಾಗಿವೆ. ಇಲ್ಲಿ ಹನ್ನೊಂದು ಜನ ಮುದುಕ ಗುರುಗಳಿದ್ದೇವೆ. ಐವತ್ತೆರಡಕ್ಕೆ ನಾನೇ ಕಿರಿಯವ. ಬೆಳಗ್ಗೆ ಒಟ್ಟಿಗೆ ಕೂತು ಪೂಜೆ ಮಾಡುತ್ತೇವೆ. ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಮಾತು ಮರೆಯುತ್ತದೆ. ಎಲ್ಲರೂ ಸೇರಿದರೆ ಒಬ್ಬ ಪೂರ್ತಿ ಗುರುವಾಗುತ್ತಾನೆ.

ಗಣಿಯ ಮೇಸ್ತ್ರಿ ಕಾಗದ ಬರೆದಿದ್ದ. ಮೇಷ್ಟ್ರ ಮಗಳ ಮದುವೆ ಆಯಿತಂತೆ. ಅದೇ ಗುಡಿಯಲ್ಲಿ. ಗಣಿಯ ಒಂದು ಮನೆಯವರೂ ಹೋಗಲಿಲ್ಲವಂತೆ. ಗಂಡಿನ ಕಡೆಯವರು ಖಾಲಿ ಬೆಂಚುಗಳನ್ನು ನೋಡಿ, ಏನು ವಿಷಯ ಎಂದು ಕೇಳಿದರಂತೆ. ಮೇಷ್ಟ್ರು, "ಎಲ್ಲರಿಗೂ ಕೆಲಸ ಇದೆ" ಎಂದರಂತೆ. ಆಮೇಲೆ ಅವರು ಗುಡಿಗೆ ಬರುವುದನ್ನು ಬಿಟ್ಟಿದ್ದಾರೆ. "ಸರಿಯಾಗಿ ಬುದ್ಧಿ ಕಲಿಸಿದೀವಿ ಫಾದರ್" ಎಂದು ಮೇಸ್ತ್ರಿ ಬರೆದಿದ್ದಾನೆ, ನನಗೆ ಸಂತೋಷವಾಗಲಿ ಎಂದು.

ಅವರಿಗಾಗಿ ಪ್ರಾರ್ಥಿಸು. ನನಗಾಗಿಯೂ.

ತಮ್ಮ


೨೦ ಫೆಬ್ರವರಿ ೧೯೯೫

ತಮ್ಮಾ,

ಮೂರು ತಿಂಗಳು ನಿನಗೆ ಬರೆಯಲಿಲ್ಲ. ಸಿಸ್ಟರ್ ಓದುತ್ತಾರಲ್ಲ, ಹೇಗೆ ಬರೆಯಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಈಗ ಓದಲಿ. ಜೋರಾಗಿಯೇ ಓದಲಿ.

ದೂರು ಬರೆದವಳು ನಾನು.

ಮೇ ತಿಂಗಳ ಕೊನೆಯಲ್ಲಿ ಬರೆದೆ. ಪಾತ್ರೆ ತುಳುಕುತ್ತದೆ, ಮಂಡಿಯೂರುವುದಿಲ್ಲ, ನಾಲಿಗೆ ತೊದಲುತ್ತದೆ, ಬಟ್ಟೆಗಳ ತುಂಬ ಕಲೆ, ಕುಡಿತದ ಶಂಕೆ ಇದೆ ಎಂದು ಬರೆದೆ. ಹೆಸರು ಹಾಕಲಿಲ್ಲ. "ಒಬ್ಬ ವಿಶ್ವಾಸಿ" ಎಂದು ಸಹಿ ಮಾಡಿದೆ. ನಿನ್ನನ್ನು ಉಳಿಸಲು ಬರೆದೆ ಎಂದುಕೊಂಡಿದ್ದೆ. ಆದರೆ ನಿಜ ಹೇಳಬೇಕೆಂದರೆ ಸಿಟ್ಟೂ ಇತ್ತು. ಇಷ್ಟು ವರ್ಷ ಎಲ್ಲರ ಮುಂದೆ ನಿನ್ನ ಪೂಜೆಯ ಬಗ್ಗೆ ಎದೆಯುಬ್ಬಿಸಿ ಹೇಳಿಕೊಂಡು ಬಂದವಳಿಗೆ ಅವಮಾನವಾಗಿತ್ತು.

ನಿನ್ನ ಸೆಪ್ಟೆಂಬರಿನ ಕಾಗದ ಓದಿದ ದಿನವೇ ಹೇಳಬಹುದಿತ್ತು. ಅಂಗಿಯ ಅಳತೆ ಕೇಳಿದೆ. ಮೇಷ್ಟ್ರ ಮಗಳ ಮದುವೆಯ ಸುದ್ದಿ ಓದಿದ ಮೇಲೂ ಸುಮ್ಮನಿದ್ದೆ. ಪಾಪನಿವೇದನೆಗೆ ಹೋದೆ. ಇಲ್ಲಿಯ ಗುರುಗಳು, ಆ ಹತ್ತೊಂಬತ್ತು ನಿಮಿಷದವರು, ನನ್ನ ಮಾತನ್ನು ಅರ್ಧ ಗಂಟೆ ತಾಳ್ಮೆಯಿಂದ ಕೇಳಿದರು. "ದೇವರು ಕ್ಷಮಿಸ್ತಾನಮ್ಮ. ಆದ್ರೆ ಆ ಮೇಷ್ಟ್ರ ಹೆಸರು ನೀವೇ ವಾಪಸ್ ಕೊಡ್ಬೇಕು" ಎಂದರು. ಅವರ ಬಗ್ಗೆ ಎಷ್ಟು ಹಗುರವಾಗಿ ಮಾತಾಡಿದ್ದೆ.

ಬೈಯುವುದಾದರೆ ಬೈದು ಬರೆ. ಬರೆಯದೆ ಇರಬೇಡ.

ಅಕ್ಕ


೬ ಮಾರ್ಚ್ ೧೯೯೫

ಅಕ್ಕಾ,

ಇದು ನನ್ನ ಕೈಬರಹ. ನಾಲ್ಕು ದಿನ ಹಿಡಿಯಿತು. ಭೂತಗನ್ನಡಿ ಇಟ್ಟುಕೊಂಡು ಓದು.

ನನಗೆ ಗೊತ್ತಿತ್ತು. ಬಿಷಪ್ಪರ ಕಚೇರಿಯಿಂದ ಬಂದವರು ದೂರನ್ನು ನನ್ನ ಕೈಗೇ ಕೊಟ್ಟಿದ್ದರು. ನನಗೆ ಅಕ್ಷರ ತಿದ್ದಿಸಿದವಳ ಬರಹ ನಾನು ಗುರುತಿಸದೆ ಇರುತ್ತೇನೆಯೇ?

ಜನ ಬಂದು, "ಮೇಷ್ಟ್ರು ತಾನೇ ಫಾದರ್?" ಎಂದು ಕೇಳಿದರು. ಅಲ್ಲ ಎನ್ನಲು ಎರಡಕ್ಷರ ಸಾಕಿತ್ತು. ಅಲ್ಲ ಎಂದರೆ ಮತ್ತೆ ಯಾರು ಎಂದು ಕೇಳುತ್ತಿದ್ದರು. ಸುಮ್ಮನಿದ್ದೆ. ನಿನ್ನ ತಪ್ಪು ತಿಳಿಯದೆ ಆದದ್ದು. ನನ್ನದು ಎಲ್ಲ ತಿಳಿದೂ ಮಾಡಿದ್ದು. ಮೇಷ್ಟ್ರು ಹಿಡಿದುಕೊಂಡಿದ್ದ ಮೊಣಕೈ ನನ್ನದೇ ಅಲ್ಲವೇ.

ನಾನು ಹೋಗಲಾರೆ. ನೀನು ಹೋಗು.

ತಮ್ಮ


೨೯ ಮಾರ್ಚ್ ೧೯೯೫

ತಮ್ಮಾ,

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭಾನುವಾರ ಗಣಿಯ ಗುಡಿಯಲ್ಲಿ ತಿಂಗಳ ಪೂಜೆಯಿತ್ತು. ದೂರದಿಂದ ಬಂದ ಯುವ ಗುರುಗಳಿಗೆ ಮೊದಲೇ ಹೇಳಿ ಒಪ್ಪಿಸಿದ್ದೆ. ಕೊನೆಯ ಆಶೀರ್ವಾದಕ್ಕೆ ಮುಂಚೆ ಅವರು ಕೈಸನ್ನೆ ಮಾಡಿದರು. ಎದ್ದು ನಿಂತೆ. ನಾನು ಫಾದರ್ ಅವರ ಅಕ್ಕ ಎಂದೊಡನೆ ಎಲ್ಲರ ಮುಖ ಅರಳಿತು. ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಉಳಿದದ್ದನ್ನು ಹೇಳಿದೆ. ಅಜ್ಜಿ ಕೈ ಬಿಟ್ಟಳು.

"ಹಾಗಾದ್ರೆ ನಮ್ಮ ಫಾದರ್‌ನ ಇಲ್ಲಿಂದ ಕಳಿಸಿದ್ದು ನೀವಾ?" ಎಂದಳು. ಹೌದು ಎಂದೆ. ಮೇಸ್ತ್ರಿ ಎದ್ದು ನಿಂತ, ಹಾಗೇ ಕೂತುಬಿಟ್ಟ. "ಮೇಷ್ಟ್ರ ಮುಖ ಈಗ ಹೆಂಗಪ್ಪಾ ನೋಡೋದು?" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಹೊರಗೆ ಬಂದಾಗ ದಾರಿ ಬಿಟ್ಟು ನಿಂತರು, ಅಷ್ಟೇ.

ಮೇಷ್ಟ್ರ ಮನೆ ಶಾಲೆಯ ಹಿಂದೆ. ಅವರೊಬ್ಬರೇ ಇದ್ದರು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಕುರ್ಚಿ ಎಳೆದು ಕೊಟ್ಟರು, ಕುಡಿಯಲು ನೀರು ತಂದರು. ಎಲ್ಲ ಹೇಳಿದೆ. ಅವರು ಕೆಂಪು ಶಾಯಿಯ ಪೆನ್ನಿಗೆ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಫಾದರ್‌ಗೆ ಗೊತ್ತಿತ್ತಾ?" ಎಂದರು.

ಇಲ್ಲ ಎಂದುಬಿಡಬಹುದಿತ್ತು ತಮ್ಮಾ. ಅಷ್ಟು ದೂರ ಹೋದವಳು ಮತ್ತೆ ಸುಳ್ಳು ಹೇಳಲೇ? ಗೊತ್ತಿತ್ತು ಎಂದೆ.

"ನನ್ನ ಮಗಳ ಮದುವೆ ಹೊತ್ತಿಗೆ?"

"ಆಗಲೂ ಗೊತ್ತಿತ್ತು."

ಅವರು ಕಿಟಕಿಯ ಕಡೆ ತಿರುಗಿಕೊಂಡರು. "ಊರೋರ ಮೇಲೆ ನನಗೆ ಬೇಜಾರಿರ್ಲಿಲ್ಲಮ್ಮ. ಅವರಿಗೆ ಗೊತ್ತಿರ್ಲಿಲ್ಲ. ಅವರಿಗೆ ಗೊತ್ತಿಲ್ಲ ಅಂತಾನೇ ಇಷ್ಟು ದಿನ ತಡ್ಕೊಂಡೆ" ಎಂದರು. ಆಮೇಲೆ, "ಇದೊಂದು ನೀವು ಹೇಳದೇ ಇದ್ದಿದ್ರೆ ಚೆನ್ನಾಗಿತ್ತು" ಎಂದರು.

ನನ್ನನ್ನು ಕ್ಷಮಿಸಿ ಎಂದೆ. "ನಿಮ್ಮನ್ನ ಕ್ಷಮಿಸಿದೀನಿ" ಎಂದರು. ಆ ಮಾತು ನನ್ನೊಬ್ಬಳಿಗೇ ಇತ್ತು. ಇನ್ನೊಂದು ಮಾತು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ತಮ್ಮನಿಗೆ ಏನಾದರೂ ಹೇಳಿ ಕಳಿಸುತ್ತೀರಾ ಎಂದು ಬಾಯಿಬಿಟ್ಟೇ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು.

ನಾನು ಬಾಗಿಲು ದಾಟುವಷ್ಟರಲ್ಲಿ ಮೇಸ್ತ್ರಿ ಮತ್ತು ಇನ್ನೂ ಏಳೆಂಟು ಜನ ಅಂಗಳಕ್ಕೆ ಬಂದು ನಿಂತಿದ್ದರು. ಒಳಗೆ ಹೋಗುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಮೇಷ್ಟ್ರು ಅವರನ್ನು ನೋಡಿದರು, ಬಾಗಿಲು ಹಾಕಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ.

ನಿನಗೆ ಒಳ್ಳೆಯ ಸುದ್ದಿ ತರಬೇಕೆಂದು ಹೋದೆ, ತರಲಾಗಲಿಲ್ಲ. ನಾಳೆ ಇಲ್ಲಿಯ ಬೀಗದ ಕೈಗಳನ್ನು ಗುರುಗಳಿಗೆ ಒಪ್ಪಿಸಿ ನಿನ್ನ ಬಳಿಗೆ ಬರುತ್ತೇನೆ. ಆಶ್ರಮದ ಹೊಲಿಗೆ ಕೋಣೆಯಲ್ಲಿ ಜಾಗವಿದೆ ಎಂದು ಸಿಸ್ಟರ್ ತಿಳಿಸಿದ್ದಾರೆ.

ಮೇಷ್ಟ್ರ ಮನೆಯಿಂದ ಹೊರಡುವ ಮುಂಚೆ ನಿನ್ನ ಆಶ್ರಮದ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲೆ ಇಟ್ಟಿದ್ದೆ. ಅವರು ಅದನ್ನು ಓದಲಿಲ್ಲ. ಎತ್ತಿ ಎಸೆಯಲೂ ಇಲ್ಲ.

ಅಕ್ಕ